ಪೀಪಾಯಿಯ ಕುತ್ತಿಗೆಗೆ ಬಂದ ನೊರೆ

ಗುಜರಿಯಿಂದ ಅಗ್ಗಕ್ಕೆ ಬಂದ ಉಕ್ಕಿನ ಪೀಪಾಯಿಯೊಂದು ಲಿಗೋರಿಯವರ ಅಡುಗೆಮನೆಯಲ್ಲಿ ದೊರೆಯಂತೆ ಕೂತಿತ್ತು. ಹೊಟ್ಟೆ ತುಂಬ ಅವರೇ ಮನೆಯಲ್ಲಿ ಮಾಡಿದ ಬಿಯರು. ಕುತ್ತಿಗೆಯ ಮುಚ್ಚಳಕ್ಕೆ ಮಾತ್ರ ಹೊಸ ವಾಷರಿನ ಬದಲು ಹಳೇ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರು.

ಬಿಯರಿಗೆ ನೊರೆ ಕೊಡುವ ಗ್ಯಾಸಿನ ಸಿಲಿಂಡರು ಪಕ್ಕದಲ್ಲಿ ನಿಂತು ಹೇಳಿತು: "ಸ್ವಾಮಿ, ನನ್ನಲ್ಲಿರುವುದನ್ನೆಲ್ಲ ನಿಮ್ಮೊಳಗೆ ತುಂಬುತ್ತೇನೆ. ಮೊದಲು ಕುತ್ತಿಗೆಗೆ ಒಂದಿಷ್ಟು ಸೋಪಿನ ನೀರು ಸವರಿಸಿಕೊಳ್ಳಿ. ಸೋರುತ್ತಿದ್ದರೆ ಗುಳ್ಳೆ ಏಳುತ್ತದೆ."

"ಸೋರುವುದು ಮಣ್ಣಿನ ಮಡಕೆಗಳ ಕೆಲಸ. ನಾನು ಉಕ್ಕು!" ಎಂದು ಪೀಪಾಯಿ ಗುಡುಗಿತು. ರಬ್ಬರು ಒಂದು ಬದಿಗೆ ಸರಿದಿರುವುದು ಅದಕ್ಕೆ ಗೊತ್ತಿತ್ತು. ಆದರೆ ದೊರೆಯಂತೆ ಕೂತಮೇಲೆ ಸೈಕಲ್ ಟ್ಯೂಬಿನ ಮಾತೆತ್ತುವುದು ಹೇಗೆ?

ಸಿಲಿಂಡರು ತನ್ನ ಗ್ಯಾಸನ್ನೆಲ್ಲ ಪೀಪಾಯಿಯೊಳಗೆ ತುಂಬಿ ಬರಿದಾಯಿತು. ಸಂಜೆ ನೆಂಟರು ಬಂದರು. ಲಿಗೋರಿ ನಲ್ಲಿ ತಿರುಗಿಸಿದರು. ಲೋಟಕ್ಕೆ ಒಂದು ಗುಳ್ಳೆಯೂ ಇಲ್ಲದ ಬಿಯರು ಇಳಿಯಿತು.

"ಭಾವ, ಇದೇನು ಆರಿದ ಕಷಾಯವೇ?" ಎಂದ ಭಾವಮೈದುನ.

ಲಿಗೋರಿ ಮುಖ ಸಣ್ಣದು ಮಾಡಿಕೊಂಡು ಪೀಪಾಯಿಯ ಕುತ್ತಿಗೆಗೆ ಸೋಪಿನ ನೀರು ಸವರಿದರು. ಉಳಿದಿದ್ದ ಚೂರುಪಾರು ಗ್ಯಾಸಿಗೇ ಅಲ್ಲಿ ಬೆಳ್ಳನೆಯ ನೊರೆ ಉಕ್ಕಿತು.

"ಎಷ್ಟು ಚೆನ್ನಾದ ನೊರೆ, ಸ್ವಾಮಿ!" ಎಂದಿತು ಬರಿದಾದ ಸಿಲಿಂಡರು.

ಪೀಪಾಯಿಗೇ ನಗು ತಡೆಯಲಾಗಲಿಲ್ಲ. "ಹೌದಪ್ಪ. ನೆಂಟರಿಗೆ ಇದನ್ನೇ ಬಡಿಸಲು ಹೇಳು."