ಹಿಟ್ಟು ಬಚ್ಚಿಟ್ಟ ಹುಳವ್ವ

ಭೂಮಿ ಇನ್ನೂ ಹಿಂಡದ ಬಟ್ಟೆಯ ಹಾಗೆ ಒದ್ದೆಯಾಗಿದ್ದ ಕಾಲ. ಹಕ್ಕಿಗೆ ರೆಕ್ಕೆ ಬಂದಿರಲಿಲ್ಲ, ಮೀನಿಗೆ ಬಾಲ ಬಂದಿರಲಿಲ್ಲ. ಒಬ್ಬರ ಸುದ್ದಿ ಇನ್ನೊಬ್ಬರು ಆಡೋದು ಮಾತ್ರ ಆಗಲೇ ಬಂದುಬಿಟ್ಟಿತ್ತು.

ಎಲ್ಲರನ್ನೂ ಮಾಡಿದವಳು ಒಬ್ಬ ಅಜ್ಜಿ. ಹಳ್ಳದ ದಂಡೆಯಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟುಕೊಂಡು ಜೀವದ ಹಿಟ್ಟು ನಾದುತ್ತಿದ್ದಳು. ನಾದಿ ನಾದಿ ಅವಳ ರಟ್ಟೆ ಬಿದ್ದುಹೋಗಿತ್ತು. ಅದಕ್ಕೇ ಒಂದು ಬೆಳಿಗ್ಗೆ ಎಲ್ಲರನ್ನೂ ಕರೆದು, ತಲೆಗೊಂದು ಮುದ್ದೆ ಹಂಚಿದಳು.

"ಬೇಕಾದ್ದು ನೀವೇ ಮಾಡ್ಕೊಳ್ಳಿ. ಕಾಲೋ, ಕೊಂಬೋ, ನನ್ನನ್ನು ಕೇಳಬೇಡಿ. ಆದರೆ ಹೊತ್ತು ಮುಳುಗೋದ್ರೊಳಗೆ ಹಿಟ್ಟು ಪೂರ್ತಿ ಮುಗೀಬೇಕು. ಯಾರ ಹತ್ತಿರ ಹಸಿ ಹಿಟ್ಟು ಉಳಿದಿರುತ್ತೋ, ಅವರನ್ನೇ ಎತ್ತಿ ಕೊಪ್ಪರಿಗೆಗೆ ಹಾಕಿ ಮತ್ತೆ ನಾದಿಬಿಡ್ತೀನಿ!"

ಹಳ್ಳದ ಕಲ್ಲಿನಡಿ ಇರುವ ಹುಳವ್ವನಿಗೂ ಒಂದು ಮುದ್ದೆ ಸಿಕ್ಕಿತು. ಆಗ ಅವಳು ಈಗಿನ ಹಾಗೆ ಚಪ್ಪಟೆ ಅಲ್ಲ. ಕಿರುಬೆರಳಿನ ಹಾಗೆ ದುಂಡಗೆ, ಲಕ್ಷಣವಾಗಿದ್ದಳು. ಒಂದೇ ಒಂದು ಕೊರತೆ ಅಂದರೆ, ಬಾಯಿಬಿಟ್ಟು 'ಆಗಲ್ಲ' ಅನ್ನೋಕೆ ಅವಳಿಗೆ ಬರುತ್ತಿರಲಿಲ್ಲ.

ಮೊದಲು ಬಂದವಳು ಏಡಿ. ಎಲ್ಲರೂ ಅವಳನ್ನು ಏಡಕ್ಕ ಅನ್ನುತ್ತಿದ್ದರು, ಹೆದರಿಕೆಗೆ.

"ಏನೇ ಹುಳವ್ವ, ಸುಮ್ನೆ ಕೂತಿದ್ದೀಯ! ಕಾಲು ಲಟ್ಟಿಸಬೇಕು ಕಣೇ, ಮಣೆ ಇಲ್ಲ. ನಿನ್ನ ಬೆನ್ನು ಒಂಚೂರು ಕೊಡೇ."

ಕೊಟ್ಟಳು. ಏಡಕ್ಕ ಎಂಟು ಕಾಲು, ಎರಡು ಕತ್ತರಿ ಕೈ, ಎಲ್ಲವನ್ನೂ ಆ ಬೆನ್ನ ಮೇಲೇ ಲಟ್ಟಿಸಿದಳು. ಸಾಲದ್ದಕ್ಕೆ "ಮಣೆ ಸ್ವಲ್ಪ ಮೆತ್ತಗಾಯ್ತು" ಅಂತ ಕೊಂಕು ತೆಗೆದು ಹೋದಳು.

ಆಮೇಲೆ ಬಸವನಹುಳು ಬಸಣ್ಣ ಬಂದ. ಅವನಿಗೆ ಮನೆ ಬೇಕಂತೆ. ಅದನ್ನೂ ಹುಳವ್ವನ ಬೆನ್ನ ಮೇಲೆ, ಚಕ್ಕುಲಿ ಸುತ್ತಿದ ಹಾಗೆ ಸುತ್ತಿದ. ಆಮೇಲೆ ಕಪ್ಪೆ, ಆಮೇಲೆ ಮೀನು. ಒತ್ತಿ ಒತ್ತಿ ಹುಳವ್ವ ತೆಳ್ಳಗಿನ ರೊಟ್ಟಿಯಾದಳು.

ಹೊತ್ತು ಮುಳುಗುವ ವೇಳೆಗೆ ಎಲ್ಲರೂ ಸಿಂಗಾರ ಮಾಡಿಕೊಂಡು ಮೆರೆಯುತ್ತಿದ್ದರು. ಹುಳವ್ವನ ಮುದ್ದೆ ಇಟ್ಟಲ್ಲೇ ಇತ್ತು. ಅವಳು ಎರಡು ಚಿಟಿಕೆ ತೆಗೆದು ಕಣ್ಣು ಮಾಡಿಕೊಂಡಳು. ತೂಕಡಿಸುತ್ತಾ ಅಂಟಿಸಿದಳೋ ಏನೋ, ಎರಡೂ ಒಂದರ ಕಡೆ ಒಂದು ತಿರುಗಿ ಮೆಳ್ಳೆಗಣ್ಣಾದವು.

ಮಿಕ್ಕ ಹಿಟ್ಟು? ಅಜ್ಜಿ ಕಂಡರೆ ಕೊಪ್ಪರಿಗೆಯೇ ಗತಿ. ಹುಳವ್ವ ಅದನ್ನು ಎಳ್ಳಿಗಿಂತ ಸಣ್ಣಗೆ ಚಿವುಟಿ, ತಲೆಯಿಂದ ಬಾಲದವರೆಗೆ ಚರ್ಮದಡಿ ಬಚ್ಚಿಟ್ಟಳು. "ನಾಳೆ ಮಾಡ್ಕೊಂಡ್ರಾಯ್ತು" ಅಂದುಕೊಂಡು ಕಲ್ಲಿನಡಿ ಮಲಗಿದಳು. ನಾಳೆಯೂ ಜನ, ಸೊಟ್ಟಗಾದ ಕಾಲು ಬಾಲ ನೆಟ್ಟಗೆ ಮಾಡ್ಕೋಬೇಕು ಅಂತ, ಬೆನ್ನು ಕೇಳಿಕೊಂಡು ಬಂದರು. ನಾಳಿದ್ದೂ ಬಂದರು.

ಇತ್ತ ಏಡಕ್ಕನ ಬಾಯಿ ಸುಮ್ಮನಿರಬೇಕಲ್ಲ.

"ಬಸಣ್ಣ, ಅವಳ ಮೈ ನೋಡಿದ್ಯಾ? ಕೈಯಿಲ್ಲ, ಕಾಲಿಲ್ಲ. ಹಾಗಾದ್ರೆ ಹಿಟ್ಟೆಲ್ಲಿ ಹೋಯ್ತು?"

"ಯಾರಿಗೋ ಕೊಟ್ಟಿರಬೇಕು ಬಿಡಕ್ಕ."

"ಯಾರಿಗೆ? ಆ ಜಿಗಣೆ ದಿನಾ ಅವಳ ಕಲ್ಲಿನ ಹತ್ರಾನೇ ಯಾಕೆ ಸುಳಿದಾಡ್ತಾನೆ, ಹೇಳು ನೋಡೋಣ!"

ಪಾಪ, ಜಿಗಣೆಯ ದಾರಿಯೇ ಅದು. ಆದರೂ ಮಾತು ಹಳ್ಳದ ಉದ್ದಕ್ಕೂ ಹರಿಯಿತು. ಕೊನೆಗೆ ಏಡಕ್ಕ ಎಲ್ಲರನ್ನೂ ಕಟ್ಟಿಕೊಂಡು ಬಂದು, ಮಲಗಿದ್ದ ಹುಳವ್ವನನ್ನು ಹೊರಗೆಳೆದು, ಹಿಟ್ಟು ಒಳಗೇ ಇದೆಯೋ ನೋಡೇಬಿಡ್ತೀನಿ ಅಂತ ಕತ್ತರಿ ಕೈಯಿಂದ ಕಚಕ್ ಎಂದು ನಡುವಿಗೇ ಕತ್ತರಿಸಿಬಿಟ್ಟಳು.

"ನೋಡ್ರೋ! ಒಳಗೆಲ್ಲ ಹಸಿ ಹಿಟ್ಟು! ತಾಳಿ, ಅಜ್ಜಿನ ಕರ್ಕೊಂಡ್ ಬರ್ತೀನಿ!"

ಓಡಿದಳು. ಆದರೆ ಅಡ್ಡಡ್ಡ ಓಡಿದರೆ ದಾರಿ ಸಾಗುತ್ತದೆಯೇ? ಹೋಗಿ ಬರಲು ಹತ್ತು ದಿನ ಹಿಡಿಯಿತು.

ಆ ಹತ್ತು ದಿನ ಹಿಟ್ಟಿನ ಕಾಳುಗಳು ಒಳಗೊಳಗೇ ಮಾತಾಡಿಕೊಂಡವು. "ಇಲ್ಲೇನು ಕಮ್ಮಿಯಾಗಿದೆ?" "ತಲೆ." "ನಿಮ್ಮ ಕಡೆ?" "ಬಾಲ." ಎಲ್ಲವೂ ಗಾಯದ ಬಳಿ ಸರಿದವು. ಬಾಲದ ತುಂಡಿಗೆ ತಲೆಯಾದವು, ತಲೆಯ ತುಂಡಿಗೆ ಬಾಲವಾದವು.

ಅಜ್ಜಿ ಬಂದಾಗ ಎರಡು ತುಂಡು ಇರಲಿಲ್ಲ. ಇಬ್ಬರು ಹುಳವ್ವ ಇದ್ದರು, ಇಬ್ಬರಿಗೂ ಮೆಳ್ಳೆಗಣ್ಣು. ಆಯಾಸ ಮಾತ್ರ ಅರ್ಧರ್ಧ ಆಗಿರಲಿಲ್ಲ, ಇಬ್ಬರಿಗೂ ಪೂರ್ತಿ ಬಂದಿತ್ತು.

"ಯಾರೇ ಹಿಟ್ಟು ಬಚ್ಚಿಟ್ಟವಳು?"

"ನಾನೇ ಅಜ್ಜಿ" ಅಂದರು ಇಬ್ಬರೂ. "ನಿದ್ದೆ ಬಂದಿತ್ತು."

ಅಜ್ಜಿ ಇಬ್ಬರನ್ನೂ ಅಂಗೈಗೆ ಎತ್ತಿಕೊಂಡಳು. ಒಬ್ಬಳ ಬೆನ್ನ ಮೇಲೆ ಎಂಟು ಕಾಲಿನ ಗುರುತು. ಇನ್ನೊಬ್ಬಳ ಮೇಲೆ ಚಕ್ಕುಲಿಯ ಸುತ್ತು. ಅಜ್ಜಿ ತಿರುಗಿ ನೋಡಿದ್ದೇ ತಡ, ಬಸಣ್ಣ ಸರಕ್ಕನೆ ತಲೆಯನ್ನು ಮನೆಯೊಳಗೆ ಎಳೆದುಕೊಂಡ.

"ನಾದೋದಾದ್ರೆ ಬೇಗ ನಾದಿಬಿಡಜ್ಜಿ" ಅಂದರು ಹುಳವ್ವಂದಿರು. "ಒಂದೇ ಮಾತು. ನಿನ್ನ ಕೊಪ್ಪರಿಗೆ ತಳದಲ್ಲೂ ದಿನಾ ಒಂದು ಹಿಡಿ ಉಳಿಸ್ತೀಯಲ್ಲ, ಅದ್ಯಾಕೆ?"

"ಅದಾ? ನಾಳೆ ಏನಾದ್ರೂ ಮುರಿದುಹೋದ್ರೆ ಇರಲಿ ಅಂತ..." ಅಂದವಳೇ ಅಜ್ಜಿ ನಾಲಿಗೆ ಕಚ್ಚಿಕೊಂಡಳು. ನಾದಿ ನಾದಿ ಅವಳಿಗೂ ಸಾಕಾಗಿತ್ತು. ಹಳ್ಳದ ನೀರು ಕಿಸಕ್ಕನೆ ನಕ್ಕಿತು.

"ಇಟ್ಕೊಳ್ರಮ್ಮ. ಮುರಿದದ್ದಕ್ಕೆ ಮಾತ್ರ ಈ ಹಿಟ್ಟು. ಮುಂದೆ ಕಾಲು ಬೇಕು, ರೆಕ್ಕೆ ಬೇಕು ಅಂತ ಬರಬೇಡಿ" ಅಂದು ಕಲ್ಲಿನಡಿ ಬಿಟ್ಟಳು.

ಅಜ್ಜಿ ಅತ್ತ ಹೋದಳೋ ಇಲ್ಲವೋ, ಏಡಕ್ಕ ಮೂತಿ ತೂರಿಸಿದಳು. "ಹುಳವ್ವ, ಅಷ್ಟು ದೂರ ನಡೆದು ಕಾಲು ಸೊಟ್ಟಗಾಗಿದೆ ಕಣೇ. ಬೆನ್ನು ಒಂಚೂರು ಕೊಡೇ."

ಕಲ್ಲಿನಡಿಯಿಂದ ಎರಡು ದನಿ ಒಟ್ಟಿಗೇ ಬಂತು: "ಆಗಲ್ಲ."

ಅದಕ್ಕೇ ಇವತ್ತಿಗೂ ಹಳ್ಳದ ಕಲ್ಲೆತ್ತಿದರೆ, ರೊಟ್ಟಿಯ ಚೂರಿನ ಹಾಗೆ ಅಂಟಿಕೊಂಡ ಮೆಳ್ಳೆಗಣ್ಣಿನ ಚಪ್ಪಟೆ ಹುಳ ಬೆಳಕು ಕಂಡೊಡನೆ ಮೆಲ್ಲಗೆ ಜಾರಿಹೋಗುತ್ತದೆ. ಯಾರಾದರೂ ಅದನ್ನು ತುಂಡರಿಸಿದರೆ ಎರಡು ತುಂಡೂ ಎರಡು ಹುಳವಾಗಿ, ಮಲಗಲು ಮತ್ತೊಂದು ಕಲ್ಲು ಹುಡುಕಿಕೊಂಡು ಹೋಗುತ್ತವೆ.