ಕೋವಿಯ ಮೂತಿ ಬಿಚ್ಚಿದ ಯಜಮಾನ

ಶಾಂತವೀರನೆಂಬ ಶಿಷ್ಯ ಕೇಳಿದ: “ಗುರುಗಳೇ, ಎಲ್ಲರನ್ನೂ ಅನುಮಾನದಿಂದ ನೋಡುವವನು ಎಂದೂ ಮೋಸ ಹೋಗುವುದಿಲ್ಲ, ಅಲ್ಲವೇ?”

ಗುರುಗಳು ಈ ಕತೆ ಹೇಳಿದರು.

ಬೆಟ್ಟದ ಸೀಮೆಯಲ್ಲಿ ಒಬ್ಬ ಯಜಮಾನನಿದ್ದ. ಆ ಕಡೆ ಮನೆಮನೆಯಲ್ಲೂ ಕೋವಿ ಇರುತ್ತದೆ. ವರ್ಷಕ್ಕೊಮ್ಮೆ ದೂರದ ಮರಕ್ಕೆ ತೆಂಗಿನಕಾಯಿ ಕಟ್ಟಿ, ಅದಕ್ಕೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಯಜಮಾನ ಆ ಪಂದ್ಯವನ್ನು ಹನ್ನೊಂದು ವರ್ಷ ಒಂದೇ ಸಮನೆ ಗೆದ್ದಿದ್ದ. ಅವನ ರೈಫಲ್ಲಿನ ನಳಿಗೆಯ ತುದಿಗೆ ತಿರುಪಿ ಕೂರಿಸಿದ ಉಕ್ಕಿನ ಮೂತಿಯೊಂದಿತ್ತು. ಗುಂಡು ಹಾರಿದಾಗ ಅದರ ತೂತುಗಳಿಂದ ಬಿಸಿಗಾಳಿ ಹೊರಬಿದ್ದು, ಕೋವಿ ಹೆಗಲಿಗೆ ಒದೆಯುವುದು ಕಡಿಮೆಯಾಗುತ್ತಿತ್ತು.

ಹನ್ನೆರಡನೆಯ ವರ್ಷ, ಪಂದ್ಯಕ್ಕೆ ಮೊದಲು, ಕೋವಿಯನ್ನು ಪೇಟೆಯ ಆಚಾರಿಯ ಕೈಗೆ ಕೊಟ್ಟ. ಕೋವಿ ರಿಪೇರಿ ಆ ಆಚಾರಿಯ ಕಸುಬು. ಅವನು ಮೂತಿ ಬಿಚ್ಚಿ, ಮಸಿ ತೆಗೆದು, ಮತ್ತೆ ಕೂರಿಸಿ ಕೊಟ್ಟ. ಪಂದ್ಯದ ದಿನ ಯಜಮಾನ ಹೊಡೆದ ಗುಂಡುಗಳೆಲ್ಲ ಕಾಯಿಯ ಪಕ್ಕದಲ್ಲೇ ಹಾದುಹೋದವು. ಮೊನ್ನೆ ಮೊನ್ನೆ ಕೋವಿ ಹಿಡಿದವನೊಬ್ಬ ಗೆದ್ದ.

ಗೆದ್ದವನು ಆಚಾರಿಯ ಅಂಗಡಿಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದುದು ಯಜಮಾನನಿಗೆ ನೆನಪಾಯಿತು. ಕೋವಿ ವಾಪಸು ಕೊಡುವಾಗ ಆಚಾರಿ ತನ್ನ ಮುಖ ನೋಡಿರಲಿಲ್ಲವೇನೋ ಅನಿಸಿತು. ಮರುದಿನ, ನೋಡಿರಲೇ ಇಲ್ಲ ಎಂಬುದು ಖಚಿತವಾಯಿತು. ಮೂರನೆಯ ದಿನಕ್ಕೆ ಆಚಾರಿ ಒಳಗೊಳಗೇ ನಕ್ಕಿದ್ದೂ ನೆನಪಿಗೆ ಬಂತು.

“ಅಸಲಿ ಮೂತಿಯನ್ನು ತಾನಿಟ್ಟುಕೊಂಡು ಕಳಪೆಯದೊಂದನ್ನು ಕೂರಿಸಿದ್ದಾನೆ,” ಎಂದು ಹೆಂಡತಿಗೆ ಹೇಳಿದ.

“ಇಪ್ಪತ್ತು ವರ್ಷದಿಂದ ಮನೆಗೆ ಬಂದುಹೋಗುವ ಮನುಷ್ಯ. ಕರೆಸಿ ಒಂದು ಮಾತು ಕೇಳಿ,” ಎಂದಳು ಅವಳು.

“ಅವನ ಪರವಾಗಿ ನೀನೇಕೆ ಮಾತಾಡುತ್ತೀಯೆ?”

ಅಂದಿನಿಂದ ಯಜಮಾನ ಅವಳ ಮೇಲೂ ಒಂದು ಕಣ್ಣಿಟ್ಟ.

ಇನ್ನು ಯಾರ ಕೈಗೂ ಕೋವಿ ಕೊಡಬಾರದೆಂದು, ಮೂತಿಯನ್ನು ಮನೆಯಲ್ಲಿ ತಾನೇ ಬಿಚ್ಚಿ ನೋಡಲು ಹೊರಟ. ಆಳುಗಳನ್ನು ತೋಟಕ್ಕೆ ಕಳಿಸಿ ಉಗ್ರಾಣದ ಬಾಗಿಲು ಹಾಕಿಕೊಂಡ. ನಳಿಗೆಗೆ ಗೋಣಿಬಟ್ಟೆ ಸುತ್ತಿ ವೈಸ್ ಎಂಬ ಕಬ್ಬಿಣದ ಇಕ್ಕಳದಲ್ಲಿ ಬಿಗಿದ. ಸ್ಪ್ಯಾನರು ಹಾಕಿ ತಿರುಗಿಸಿದ. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸುತ್ತಿಗೆಯಿಂದ ಸ್ಪ್ಯಾನರಿಗೆ ಏಟು ಹಾಕಿದ ಮೇಲೆ ಮೂತಿ ಕಳಚಿತು. ಅದರ ಹಿಂದಿನಿಂದ ಒಂದು ತೆಳ್ಳನೆಯ ಉಂಗುರ ನೆಲಕ್ಕೆ ಬಿತ್ತು. ಅದು ನಲುಗಿತ್ತು.

“ಸಿಕ್ಕಿತು,” ಎಂದುಕೊಂಡ ಯಜಮಾನ. ಕಳಪೆ ಮೂತಿ ಸರಿಯಾಗಿ ಕೂರದೆ ಹೋದದ್ದಕ್ಕೆ ಇದನ್ನು ತುರುಕಿದ್ದಾನೆ. ಉಂಗುರವನ್ನು ಸಾಕ್ಷಿಗೆಂದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಬಗ್ಗಿ ನಳಿಗೆಯ ಬಾಯಿಗೆ ಕಣ್ಣು ಹಚ್ಚಿ ಒಳಗೆ ಇಣುಕಿದ. ಒಳಗೆ ಬರೀ ಕತ್ತಲೆ. ತೊಳೆದೇ ಇಲ್ಲ ಎಂದುಕೊಂಡ. ಉಂಗುರವಿಲ್ಲದೆಯೇ ಮೂತಿಯನ್ನು ಮತ್ತೆ ತಿರುಪಿದ. ಮೇಲಕ್ಕಿರಬೇಕಾದ ತೂತುಗಳು ಪಕ್ಕಕ್ಕೆ ನಿಂತವು. ಅದೂ ಆಚಾರಿಯ ಕೈವಾಡವೇ ಆಯಿತು.

ಮರುದಿನ ಸಂತೆಯಲ್ಲಿ ನಾಲ್ಕು ಜನರೆದುರು ಆಚಾರಿಯನ್ನು ಕಳ್ಳನೆಂದ. ಮಾತು ಆಚಾರಿಯ ಕಿವಿಗೆ ಬಿತ್ತು. ಅವನು ಅಂಗಡಿ ಮುಚ್ಚಿ, ನಡೆದೇ ಯಜಮಾನನ ಮನೆಗೆ ಬಂದ. ಯಜಮಾನ ಉಂಗುರವನ್ನು ಅವನ ಮುಂದೆ ಎಸೆದು ಕೋವಿಯನ್ನು ಕೈಗೆ ಕೊಟ್ಟ. ಆಚಾರಿ ಉಂಗುರವನ್ನು ನೋಡಲಿಲ್ಲ. ನಳಿಗೆಯನ್ನು ಬಯಲಿನ ಕಡೆ ತಿರುಗಿಸಿ, ಗುಂಡು ತುಂಬುವ ಬಾಯಿಯನ್ನು ತೆರೆಯುವ ಬೋಲ್ಟಿಗೆ ಕೈ ಹಾಕಿದ.

“ಅದರಲ್ಲಿ ಗುಂಡಿಲ್ಲ. ನನ್ನ ಮಾತಿನ ಮೇಲೂ ನಂಬಿಕೆಯಿಲ್ಲವೇ ನಿನಗೆ?” ಎಂದ ಯಜಮಾನ.

“ನಾನೇ ಈಗಷ್ಟೇ ಗೂಟಕ್ಕೆ ತೂಗುಹಾಕಿದ ಕೋವಿಯಾದರೂ, ಮತ್ತೆ ಕೈಗೆತ್ತಿಕೊಂಡಾಗ ತೆಗೆದು ನೋಡುತ್ತೇನೆ ಯಜಮಾನರೇ,” ಎಂದು ಆಚಾರಿ ಬೋಲ್ಟ್ ಎಳೆದ.

ಗುಂಡೊಂದು ಜಗಲಿಯ ಮೇಲೆ ಬಿದ್ದು ಉರುಳಿತು.

ಪಂದ್ಯದ ದಿನ ಸೋತ ಸಿಟ್ಟಿನಲ್ಲಿ ಕೊನೆಯ ಗುಂಡನ್ನು ಹೊಡೆಯದೆ, ತೆಗೆಯದೆ, ಯಜಮಾನ ಮನೆಗೆ ಬಂದಿದ್ದ. ಅದೇ ಕೋವಿಗೆ ಸುತ್ತಿಗೆಯ ಏಟು ಬಿದ್ದಿತ್ತು. ಅದೇ ನಳಿಗೆಗೆ ಅವನು ಕಣ್ಣು ಹಚ್ಚಿದ್ದ. ಯಜಮಾನ ಕಂಬ ಹಿಡಿದು ಕುಳಿತುಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಚಾರಿ ಗುಂಡನ್ನು ಹೆಕ್ಕಿ ಬದಿಗಿಟ್ಟ. ಮೂತಿ ಬಿಚ್ಚಿದ. ಅದರ ಒಳಗೂ ನಳಿಗೆಯ ಮೇಲೂ ಕೊರೆದಿದ್ದ ಒಂದೇ ನಂಬರನ್ನು ತೋರಿಸಿದ. ಅದು ಅಸಲಿ ಮೂತಿಯೇ ಆಗಿತ್ತು. ತಿರುಪಿದಂತೆಲ್ಲ ನಲುಗಿ ಮೂತಿಯನ್ನು ನೇರಕ್ಕೆ ನಿಲ್ಲಿಸುವುದೇ ಆ ಉಂಗುರದ ಕೆಲಸವೆಂದೂ, ಒಮ್ಮೆ ನಲುಗಿದ್ದು ಮತ್ತೆ ಕೆಲಸಕ್ಕೆ ಬಾರದೆಂದೂ ಹೇಳಿದ. ಚೀಲದಿಂದ ಹೊಸದೊಂದನ್ನು ತೆಗೆದು ಹಾಕಿದ. ಹಿತ್ತಲಾಚೆಯ ದಿಬ್ಬದ ಬುಡದಲ್ಲಿ ಕಾಯಿ ಇಟ್ಟು ತಾನೇ ಹೊಡೆದ. ಕಾಯಿ ಒಡೆಯಿತು. ಎರಡನೆಯದೂ ಒಡೆಯಿತು.

ಕೋವಿ ಯಜಮಾನನ ಕೈಗೆ ಬಂತು. ಅವನು ಗುರಿ ಹಿಡಿದ. ಕಾಯಿ ಒಂದಿತ್ತು, ಅವನಿಗೆ ಎರಡಾಗಿ ಕಂಡಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದ; ಆಗಲೂ ಎರಡೇ. ಹೊಡೆಯದೆ ಕೋವಿ ಇಳಿಸಿದ.

ಮುಂದಿನ ಸಂತೆಯಲ್ಲಿ ಅದೇ ನಾಲ್ಕು ಜನರೆದುರು ತಪ್ಪೊಪ್ಪಿಕೊಂಡ. ಹೆಂಡತಿಯ ಕ್ಷಮೆಯನ್ನೂ ಕೇಳಿದ. ಆಚಾರಿ ಆಮೇಲೂ ಅವನ ಕೋವಿ ರಿಪೇರಿ ಮಾಡುತ್ತಿದ್ದ, ಆದರೆ ಆ ಮನೆಯಲ್ಲಿ ಮತ್ತೆ ಕಾಫಿ ಕುಡಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಾಂತವೀರ ಕೇಳಿದ: “ಆಚಾರಿ ಮೋಸ ಮಾಡಲಿಲ್ಲ, ಗೆದ್ದವನು ಮಾಡಲಿಲ್ಲ, ಹೆಂಡತಿಯೂ ಮಾಡಲಿಲ್ಲ. ಹಾಗಾದರೆ ಯಜಮಾನನನ್ನು ಮೋಸಗೊಳಿಸಿದವರು ಯಾರು ಗುರುಗಳೇ?”

“ಅವನು ಅನುಮಾನಿಸದೆ ಬಿಟ್ಟಿದ್ದ ಒಬ್ಬನೇ ಒಬ್ಬ,” ಎಂದರು ಗುರುಗಳು.

ಶಾಂತವೀರ ತಲೆ ತಗ್ಗಿಸಿದ.