ಪೊರಕೆ ಮತ್ತು ಪಮ್ಮಿಯ ಕೂದಲು

ಆ ಮನೆಯ ಪೊರಕೆಗೆ ಬೆಳಗಾದರೆ ಸಾಕು, ಮೈಯೆಲ್ಲ ನೋವು. ಪಮ್ಮಿ ಎಂಬ ಉದ್ದಗೂದಲಿನ ಪುಟ್ಟ ನಾಯಿ ಕೂತಲ್ಲೆಲ್ಲ ಕೂದಲು ಉದುರಿಸುತ್ತಿತ್ತು. ಗುಡಿಸಿ ಗುಡಿಸಿ ಸೋತ ಪೊರಕೆ, ಕಸದ ಬುಟ್ಟಿಯವರೆಗೂ ಹೋಗಲಾರದೆ, ಎಲ್ಲವನ್ನೂ ಮಂಚದಡಿಗೆ ತಳ್ಳಿಬಿಡುತ್ತಿತ್ತು.

ಒಂದು ದಿನ ಅದು ರೇಗಿತು: "ನಿನ್ನ ದೆಸೆಯಿಂದ ನನ್ನ ಕಡ್ಡಿಯೆಲ್ಲ ಸವೆದುಹೋಯಿತಲ್ಲೇ."

"ನಾನೇನು ಮಾಡಲಕ್ಕಾ?" ಎಂದಿತು ಪಮ್ಮಿ. "ಮೊದಲು ಅಮ್ಮಾವ್ರು ದಿನಾ ಬಾಚುತ್ತಿದ್ದರು. ಉದುರುವುದೆಲ್ಲ ಬಾಚಣಿಗೆಯಲ್ಲೇ ಉಳಿಯುತ್ತಿತ್ತು. ಈಗ ಆ ಬಾಚಣಿಗೆಯೇ ಕಾಣೆಯಾಗಿದೆ."

ಪೊರಕೆ ಮಂಚದಡಿಗೆ ಬಗ್ಗಿ ನೋಡಿತು. ತಾನೇ ತಳ್ಳಿದ ಕೂದಲ ರಾಶಿಯೊಳಗಿಂದ ಬಾಚಣಿಗೆಯ ಹಲ್ಲು ಇಣುಕುತ್ತಿತ್ತು. ಅದನ್ನು ಎಳೆದು ತಂದರೆ ತನ್ನ ಮೈಗಳ್ಳತನವೂ ಜೊತೆಗೇ ಹೊರಬೀಳುತ್ತಿತ್ತು.

"ಇಲ್ಲೆಲ್ಲೂ ಇಲ್ಲ ಕಣೇ," ಎಂದ ಪೊರಕೆ, ಅಂದಿನ ಕೂದಲನ್ನೂ ಅದರ ಮೇಲೆಯೇ ತಳ್ಳಿ, ಸೊಂಟ ಹಿಡಿದುಕೊಂಡು ಮೂಲೆ ಸೇರಿತು.